ಹಾಲು ಸಾಲದೆಂಬ ಮಾತು



ಕೂಸಿಗೆ ಹಾಲುಣಿಸುವ ವಿಷಯವನ್ನು ಹೆಂಡತಿ-ಮಕ್ಕಳಿಲ್ಲದ ಗುರುವೊಬ್ಬ ಬರೆಯಲು ಕುಳಿತಿದ್ದಾನಲ್ಲ ಎಂದು ನಿಮಗೆ ನಗು ಬಂದರೆ ನಗಿರಿ. ನನಗೂ ಮೊದಲು ಸಂಕೋಚವೇ ಆಗಿತ್ತು. ಸೆಮಿನರಿಯಲ್ಲಿ ನಮಗೆ ತತ್ವಶಾಸ್ತ್ರ ಕಲಿಸಿದರು, ದೈವಶಾಸ್ತ್ರ ಕಲಿಸಿದರು. ಹಸಿದ ಕೂಸಿನ ಮುಂದೆ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ. ನಾನು ಕಲಿತದ್ದು ಹುಮನಾಬಾದ್ ಕಡೆಯ ಒಂದು ಹಳ್ಳಿಯಲ್ಲಿ, ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ.

ಇಪ್ಪತ್ತು ದಿನದ ಕೂಸನ್ನು ಎತ್ತಿಕೊಂಡು ಅಜ್ಜಿಯೊಬ್ಬರು ಆಶೀರ್ವಾದಕ್ಕೆ ಬಂದಿದ್ದರು. ಹಿಂದೆ ತಲೆ ತಗ್ಗಿಸಿಕೊಂಡು ಹತ್ತೊಂಬತ್ತು-ಇಪ್ಪತ್ತರ ಬಾಣಂತಿ. ಕೂಸು ಸೊರಗಿತ್ತು, ಎರಡು ದಿನದಿಂದ ಭೇದಿ. ಅಜ್ಜಿಯ ಚೀಲದಲ್ಲಿ ಪ್ಲಾಸ್ಟಿಕ್ ಬಾಟಲಿ, ಅದರಲ್ಲಿ ಅರ್ಧಕ್ಕರ್ಧ ನೀರು ಬೆರೆಸಿದ ಆಕಳ ಹಾಲು. "ಇವಳಿಗಿ ಹಾಲೇ ಸಾಲಂಗಿಲ್ಲ ರೀ ಫಾದರ್. ಹೆತ್ತ ಮೂರು ದಿನ ಹಾಲೇ ಇಳೀಲಿಲ್ಲ. ಕೂಸು ರಾತ್ರಿಯೆಲ್ಲಾ ಅಳ್ತದ. ಏನ್ ಮಾಡ್ಬೇಕ್ರಿ?" ಎಂದರು. ನಾನು ಶಿಲುಬೆಯ ಗುರುತು ಹಾಕಿ ಆಶೀರ್ವದಿಸಿದೆ. ಬೇರೇನು ಗೊತ್ತಿತ್ತು ನನಗೆ? ಅಂದು ಹಳ್ಳಿಗೆ ನನ್ನ ಜೊತೆ ಬಂದಿದ್ದ ಧರ್ಮಭಗಿನಿಯೊಬ್ಬರು ದಾದಿಯಾಗಿ ಬಹಳ ವರ್ಷ ದುಡಿದವರು. ಅವರು ಬಾಟಲಿಯನ್ನು ನೋಡಲಿಲ್ಲ, ತಾಯಿಯ ಮುಖ ನೋಡಿದರು. "ಹಾಲು ಇಲ್ಲಂತ ಯಾರು ಹೇಳಿದ್ರು ಮಗಳ? ಬಾ, ಇಲ್ಲಿ ಕೂಡು" ಎಂದು ಒಳಗೆ ಕರೆದುಕೊಂಡು ಹೋದರು. ಭೇದಿಗೆ ಅಂದೇ ಸರ್ಕಾರಿ ಆಸ್ಪತ್ರೆಗೆ ಕಳುಹಿಸಿದರು. ಆದರೆ ಅದಕ್ಕೂ ಮೊದಲು ಅರ್ಧ ತಾಸು ಆ ಹುಡುಗಿಯ ಪಕ್ಕದಲ್ಲಿ ಕುಳಿತರು. ಅವರು ಅವಳಿಗೆ ಹೇಳಿದ್ದನ್ನೂ ಆಮೇಲೆ ನಾನು ಕೇಳಿ, ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಮೂರು ದಿನಗಳ ಮಾತು. ಹೆತ್ತ ಕೂಡಲೇ ತಾಯಿಯ ಎದೆಯಲ್ಲಿ ಬಿಳಿ ಹಾಲು ಧಾರೆಯಾಗಿ ಬರುವುದಿಲ್ಲ. ಬರುವುದು ದಪ್ಪನೆಯ, ಹಳದಿ ಬಣ್ಣದ ಸ್ವಲ್ಪವೇ ಹಾಲು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಸಾಮಾನ್ಯವಾಗಿ ಎದೆ ತುಂಬಿಕೊಳ್ಳುತ್ತದೆ. ಅಲ್ಲಿಯವರೆಗೆ ಕೂಸು ಉಪವಾಸವಿದೆ ಎಂದು ನಾವು ತಿಳಿಯುತ್ತೇವೆ. ಆದರೆ ಮೊದಲ ದಿನ ಆ ಪುಟ್ಟ ಹೊಟ್ಟೆಗೆ ಒಂದು ಸಲಕ್ಕೆ ಬೇಕಾದದ್ದು ಒಂದು ಚಮಚದಷ್ಟು ಮಾತ್ರ. ಆ ಒಂದು ಚಮಚದಲ್ಲಿ ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು ಕಿಕ್ಕಿರಿದಿರುತ್ತವೆ. ಕೂಸಿನ ಕರುಳನ್ನು ಶುಚಿಮಾಡಿ, ಕಪ್ಪು ಮಲವನ್ನು ಹೊರಹಾಕಲು ನೆರವಾಗುವುದೂ ಅದೇ. ಕೂಸಿಗೆ ಸಿಗುವ ಮೊಟ್ಟಮೊದಲ ಲಸಿಕೆ ಅದು.

ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಮ್ಮೆ ಈದರೆ ಏನು ಮಾಡುತ್ತೀರಿ? ಕರು ಎದ್ದು ನಿಲ್ಲುವುದನ್ನೇ ಕಾದಿದ್ದು ಕೆಚ್ಚಲಿಗೆ ಬಿಡುತ್ತೀರಿ. ಗಿಣ್ಣದ ಹಾಲು ಕುಡಿಯದ ಕರು ಬದುಕುವುದು ಕಷ್ಟವೆಂದು ಚಿಕ್ಕ ಹುಡುಗರಿಗೂ ಗೊತ್ತು. ಉಳಿದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಮಾಡಿ ನೆರೆಮನೆಗೂ ಹಂಚುತ್ತೀರಿ. ಅದೇ ಮನೆಯಲ್ಲಿ ಸೊಸೆ ಹೆತ್ತಾಗ ಮಾತ್ರ ಮೊದಲ ಹಾಲು ಕೆಟ್ಟದ್ದು, ಜೀರ್ಣವಾಗದ್ದು ಎಂದು ಹಿಂಡಿ ಚೆಲ್ಲುವವರು ಇನ್ನೂ ಇದ್ದಾರೆ. ಅದರ ಬದಲು ಕೂಸಿನ ಬಾಯಿಗೆ ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ, ಗುಟ್ಟಿ. ಎಮ್ಮೆಯ ಕರುವಿಗೆ ಕೊಡುವ ನ್ಯಾಯವನ್ನು ನಮ್ಮ ಮೊಮ್ಮಗುವಿಗೂ ಕೊಡೋಣ ಎಂದು ನಾನು ಒಮ್ಮೆ ಪ್ರಬೋಧನೆಯಲ್ಲೇ ಹೇಳಿದೆ. ಹಿಂದಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಜೋರಾಗಿ ನಕ್ಕರು, ಅವರ ಹೆಂಡತಿ ನಗಲಿಲ್ಲ. ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಅದರಲ್ಲಿ ಇರಬಹುದಾದ ಒಂದು ರೋಗಾಣು ದೊಡ್ಡವರಿಗೆ ಏನೂ ಮಾಡದಿದ್ದರೂ ಎಳೆಗೂಸಿನ ನರಗಳನ್ನು ನಿತ್ರಾಣಗೊಳಿಸಬಲ್ಲದು.

ಹೆತ್ತ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಾಕಬೇಕೆಂದು ವೈದ್ಯರು ಹೇಳುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 89 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಆದರೆ ಮೊದಲ ಗಂಟೆಯಲ್ಲಿ ಎದೆಹಾಲು ಸಿಕ್ಕಿದ್ದು ನೂರರಲ್ಲಿ ಸುಮಾರು 42 ಕೂಸುಗಳಿಗೆ ಮಾತ್ರ. ಆಸ್ಪತ್ರೆಯ ಬಾಗಿಲವರೆಗೆ ಹೋದ ನಾವು ಅಲ್ಲೇ ಎಡವುತ್ತಿದ್ದೇವೆ ಎಂದಾಯಿತು. ಆದುದರಿಂದ ಹೆರಿಗೆಗೆ ಹೋಗುವಾಗಲೇ ದಾದಿಯರಿಗೆ ಹೇಳಿ ಇಡಿರಿ: ಕೂಸನ್ನು ಒರೆಸಿದ ಕೂಡಲೇ ತಾಯಿಯ ಬರಿಯೆದೆಯ ಮೇಲೆ ಮಲಗಿಸಿರಿ ಎಂದು. ಶಸ್ತ್ರಚಿಕಿತ್ಸೆಯ ಹೆರಿಗೆಯಾದರೂ ತಾಯಿಗೆ ಎಚ್ಚರವಿದ್ದರೆ ಬಹುಮಟ್ಟಿಗೆ ಇದು ಸಾಧ್ಯ. ಯಾರಾದರೊಬ್ಬರು ಕೂಸನ್ನು ಹಿಡಿದು ನೆರವಾಗಬೇಕು, ಅಷ್ಟೇ.

ಇನ್ನು ಹಿಡಿಯುವ ಕ್ರಮ. ಆ ಹುಡುಗಿ ಕೂಸಿನ ಕುತ್ತಿಗೆ ತಿರುಚಿ, ತಾನೇ ಬಗ್ಗಿ, ತೊಟ್ಟಿನ ತುದಿಯನ್ನಷ್ಟೇ ಬಾಯಿಗೆ ಇಡುತ್ತಿದ್ದಳಂತೆ. ತೊಟ್ಟು ಒಡೆದು ನೋವು. ನೋವಿಗೆ ಹೆದರಿ ಬೇಗನೆ ಬಿಡಿಸುವುದು. ಹೊಟ್ಟೆ ತುಂಬದ ಕೂಸಿನ ಅಳು. ಅಳು ಕೇಳಿ ಅತ್ತೆಯ ಬಾಟಲಿ. ಸಿಸ್ಟರ್ ಮಾಡಿದ್ದಿಷ್ಟು. ಬೆನ್ನಿಗೆ ಗೋಡೆಯ ಆಸರೆ ಕೊಟ್ಟು, ತೊಡೆಯ ಮೇಲೆ ಮಡಿಸಿದ ಕೌದಿ ಇಟ್ಟು ಕೂಡಿಸಿದರು. ಕೂಸನ್ನು ಪೂರ್ತಿ ತಾಯಿಯ ಕಡೆಗೆ ತಿರುಗಿಸಿದರು: ಹೊಟ್ಟೆಗೆ ಹೊಟ್ಟೆ ತಾಗಬೇಕು, ತಲೆ-ಬೆನ್ನು ಒಂದೇ ಗೆರೆಯಲ್ಲಿರಬೇಕು. ಕೂಸಿನ ಮೂಗು ತೊಟ್ಟಿನ ನೇರಕ್ಕೆ ಬಂದಾಗ ತುಟಿಗೆ ತೊಟ್ಟು ಸವರಿದರೆ ಅದು ಆಕಳಿಸುವಂತೆ ಬಾಯಿ ತೆರೆಯುತ್ತದೆ. ಆ ಕ್ಷಣಕ್ಕೆ ಕಾಯಬೇಕು. ಆಗ ಕೂಸನ್ನು ಎದೆಯ ಹತ್ತಿರ ತರಬೇಕೇ ಹೊರತು ಎದೆಯನ್ನು ಕೂಸಿನ ಕಡೆ ಬಗ್ಗಿಸಬಾರದು. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗೆ ಹೋಗಬೇಕು. ಗದ್ದ ಎದೆಗೆ ತಾಗಿ, ಕೆಳತುಟಿ ಹೊರಕ್ಕೆ ಮಡಚಿರಬೇಕು. ಸರಿಯಾಗಿ ಹಿಡಿದಿದ್ದರೆ ಗುಟುಕಿಸುವುದು ಕೇಳುತ್ತದೆ, ನೋವು ಉಳಿಯುವುದಿಲ್ಲ. ನೋವಿದ್ದರೆ ಎಳೆಯಬೇಡಿ, ತೊಳೆದ ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ಇಟ್ಟು ಬಿಡಿಸಿ, ಮತ್ತೆ ಹಿಡಿಸಿರಿ. ನಾಲ್ಕು ಸಲ ತಪ್ಪಿದರೆ ಐದನೆಯ ಸಲ. ಒಂದು ಎದೆ ತಾನಾಗಿ ಬಿಟ್ಟ ಮೇಲೆ ಇನ್ನೊಂದು.

ಹಾಲು ಹೆಚ್ಚುವ ಗುಟ್ಟು ಔಷಧಿಯಲ್ಲಿಲ್ಲ, ಕೂಸಿನ ಚೀಪುವಿಕೆಯಲ್ಲಿದೆ. ಕೂಸು ಚೀಪಿದಾಗ ತಾಯಿಯ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಅಲ್ಲಿಂದ ಒಂದು ಹಾರ್ಮೋನು ಹಾಲು ಮಾಡಿಸುತ್ತದೆ, ಇನ್ನೊಂದು ಅದನ್ನು ಹರಿಯಬಿಡುತ್ತದೆ. ಎದೆ ಬರಿದಾದಷ್ಟೂ ತುಂಬುತ್ತದೆ. ಸೇದುವ ಬಾವಿಗೇ ಸಿಹಿನೀರು ಎನ್ನುವುದಿಲ್ಲವೇ, ಹಾಗೆ. ಬಾಟಲಿ ಕೊಟ್ಟ ಪ್ರತಿ ಸಲವೂ ಕೂಸು ಎದೆಯನ್ನು ಅಷ್ಟು ಕಡಿಮೆ ಚೀಪುತ್ತದೆ, ಹಾಲು ಅಷ್ಟು ಕಡಿಮೆಯಾಗುತ್ತದೆ. ಕೊನೆಗೆ ಅತ್ತೆಯ ಮಾತೇ ನಿಜವಾಗುತ್ತದೆ. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಉಣಿಸಬೇಕು. ಹಾಲು ಮಾಡಿಸುವ ಹಾರ್ಮೋನು ರಾತ್ರಿಯಲ್ಲೇ ಹೆಚ್ಚು, ಆದ್ದರಿಂದ ರಾತ್ರಿಯ ಹಾಲು ತಪ್ಪಿಸಬಾರದು. ಎರಡನೆಯ ಹಾರ್ಮೋನಿಗೆ ಒಂದು ಸ್ವಭಾವವಿದೆ: ತಾಯಿಗೆ ಹೆದರಿಕೆ, ಅವಮಾನ, ಚಿಂತೆ ಇದ್ದರೆ ಅದು ತಡವರಿಸುತ್ತದೆ. "ನಿನಗೆ ಹಾಲಿಲ್ಲ" ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳುವವಳ ಹಾಲು ಆ ಮಾತಿನಿಂದಲೇ ನಿಲ್ಲಬಹುದು. ಮನೆಯ ಹಿರಿಯರು ಇದನ್ನು ದಯವಿಟ್ಟು ಎರಡು ಸಲ ಓದಿರಿ.

ಹಾಲು ಸಾಲುತ್ತಿದೆಯೇ ಎಂದು ಅಳುವಿನಿಂದ ಅಳೆಯಬೇಡಿ. ಕೂಸು ಸೆಕೆಗೂ ಅಳುತ್ತದೆ, ಎತ್ತಿಕೊಳ್ಳಲೆಂದೂ ಅಳುತ್ತದೆ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿ ಮುಂದೆ ಏರುತ್ತಿದ್ದರೆ, ಹಾಲು ಸಾಲುತ್ತಿದೆ. ತೂಕ ನೋಡಲು ಅಂಗನವಾಡಿ ಇದೆ. ಕೂಸು ಮಂಕಾಗಿ ಹಾಲು ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ, ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ, ತಾಯಿಯ ಎದೆ ಕೆಂಪಾಗಿ ಬಾವು, ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿರಿ. ನಿಜವಾಗಿಯೂ ಹಾಲು ಸಾಲದ ತಾಯಂದಿರು ಇಲ್ಲವೆಂದಲ್ಲ, ಕೆಲವರು ಇದ್ದಾರೆ. ಕೆಲವು ಕಾಯಿಲೆ, ಕೆಲವು ಔಷಧಿಗಳ ಕಾಲದಲ್ಲಿ ವೈದ್ಯರೇ ಬೇರೆ ದಾರಿ ಹೇಳುತ್ತಾರೆ. ಅಂಥ ತಾಯಿಯನ್ನು ಯಾರೂ ಹೀನಾಯವಾಗಿ ನೋಡಬಾರದು. ಆದರೆ ಅದನ್ನು ಹೇಳಬೇಕಾದವರು ವೈದ್ಯರು, ಓಣಿಯವರಲ್ಲ.

ಬೇಸಿಗೆಯ ನೀರಿನ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ತಗಡಿನ ಮನೆಗಳ ಒಳಗೆ ಕೂಡುವುದೇ ಕಷ್ಟ. ದೊಡ್ಡವರಿಗೇ ಗಂಟಲು ಒಣಗುವಾಗ ಕೂಸಿಗೆ ಎರಡು ಹನಿ ನೀರು ಬೇಡವೇ? ಬೇಡ. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಭಾಗ ನೀರೇ. ಎಂಥ ಬಿಸಿಲಿನಲ್ಲೂ ಆರು ತಿಂಗಳವರೆಗೆ ಅಷ್ಟೇ ಸಾಕು. ಬಾಯಾರಿದ ಕೂಸು ಹೆಚ್ಚು ಸಲ ಚೀಪುತ್ತದೆ. ಬದಲಿಗೆ ಕೊಟ್ಟ ನೀರು ಹಾಲಿನ ಜಾಗವನ್ನು ತಿನ್ನುತ್ತದೆ. ಟ್ಯಾಂಕಿನ ನೀರು, ಕೊಡದ ನೀರು ಭೇದಿಯನ್ನೂ ತರುತ್ತದೆ. ನೀರು ಬೇಕಾದದ್ದು ತಾಯಿಗೆ. ಕೆಲವು ಮನೆಗಳಲ್ಲಿ ಬಾಣಂತಿಗೆ ನೀರು ಅಳೆದು ಕೊಡುತ್ತಾರೆ, ಒಣ ರೊಟ್ಟಿಯ ಮೇಲೆ ಇಡುತ್ತಾರೆ. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು. ಎಂದರೆ ದಿನದ ಊಟದ ಮೇಲೆ ಇನ್ನೆರಡು ಜೋಳದ ರೊಟ್ಟಿ, ಒಂದು ಬಟ್ಟಲು ತೊಗರಿಬೇಳೆ, ಒಂದು ಹಿಡಿ ಶೇಂಗಾ. ಸಬ್ಬಸಿಗೆ ಸೊಪ್ಪು, ಮೆಂತ್ಯ, ಅಂಟಿನುಂಡಿ ಎಲ್ಲವೂ ಇರಲಿ. ನಮ್ಮ ಅಜ್ಜಿಯರು ಮಾಡಿದ್ದೆಲ್ಲ ತಪ್ಪೆಂದು ನಾನು ಹೇಳುವವನಲ್ಲ. 2017ರಲ್ಲಿ ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟವನ್ನು ಅಂಗನವಾಡಿಯಲ್ಲಿ ಕೇಳಿ ಪಡೆಯಿರಿ, ಅದು ನಾಚಿಕೆಯ ಮಾತಲ್ಲ.

ಆರು ತಿಂಗಳಾದ ಮೇಲೆ ಮೆತ್ತಗಿನ ಅನ್ನ-ಬೇಳೆ, ರಾಗಿ, ಬಾಳೆಹಣ್ಣು. ಜೊತೆಗೆ ಎರಡು ವರ್ಷವಾದರೂ ಎದೆಹಾಲು. ಇದು ಹೊಸ ಮಾತೇನಲ್ಲ. ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಏಳು ಮಕ್ಕಳ ಆ ಧೀರ ತಾಯಿ ತನ್ನ ಕೊನೆಯ ಮಗನಿಗೆ ಒಂಬತ್ತು ತಿಂಗಳು ಹೊತ್ತದ್ದನ್ನು ಹೇಳಿ, ಅದರ ಜೊತೆಯಲ್ಲೇ ಮೂರು ವರ್ಷ ಹಾಲೂಡಿಸಿದ್ದನ್ನೂ ನೆನಪಿಸುತ್ತಾಳೆ.

ಇದರ ಲಾಭ ಕೂಸಿಗಷ್ಟೇ ಅಲ್ಲ. ಹೆತ್ತ ಕೂಡಲೇ ಹಾಲುಣಿಸಿದರೆ ಗರ್ಭಕೋಶ ಕುಗ್ಗಿ ರಕ್ತಸ್ರಾವ ಕಡಿಮೆಯಾಗುತ್ತದೆ. ಮುಂದೆ ಸ್ತನದ ಹಾಗೂ ಅಂಡಾಶಯದ ಕ್ಯಾನ್ಸರಿನ ಅಪಾಯವೂ ಇಳಿಯುತ್ತದೆ. ಎಲ್ಲೆಡೆ ಎದೆಹಾಲು ಸರಿಯಾಗಿ ಉಣಿಸಿದರೆ ಜಗತ್ತಿನಲ್ಲಿ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಮಕ್ಕಳ ಸಾವನ್ನು ತಡೆಯಬಹುದೆಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ 2016ರಲ್ಲಿ ಲೆಕ್ಕ ಕೊಟ್ಟಿತು. ಡಬ್ಬಿಯ ಹಾಲಿನ ಪುಡಿಯನ್ನು ಎರಡು ವರ್ಷದೊಳಗಿನ ಮಕ್ಕಳಿಗೆಂದು ಜಾಹೀರಾತು ಮಾಡುವುದು, ಉಚಿತ ಮಾದರಿ ಹಂಚುವುದು ನಮ್ಮ ದೇಶದಲ್ಲಿ 1992ರ ಕಾನೂನಿನ ಪ್ರಕಾರ ಅಪರಾಧ. ಬಡವರ ಮನೆಯಲ್ಲಿ ಆ ಡಬ್ಬಿ ಹೆಚ್ಚು ದಿನ ಬರಲಿ ಎಂದು ನೀರು ಹೆಚ್ಚಿಸುತ್ತಾರೆ, ಪುಡಿ ಕಡಿಮೆ ಮಾಡುತ್ತಾರೆ. ಕೂಸು ಅತ್ತರೆ ಸುಮ್ಮನಾಗುತ್ತದೆ, ಬೆಳೆಯುವುದಿಲ್ಲ.

ಕೂಲಿಗೆ ಹೋಗುವ ತಾಯಂದಿರ ಕಷ್ಟ ನನಗೆ ಗೊತ್ತು. ಸಂಬಳದ ಕೆಲಸದವರಿಗೆ 2017ರ ತಿದ್ದುಪಡಿಯಿಂದ 26 ವಾರ ಹೆರಿಗೆ ರಜೆ ಸಿಕ್ಕಿತು. ಕಬ್ಬು ಕಡಿಯುವವಳಿಗೆ, ತೊಗರಿ ರಾಶಿಗೆ ಹೋಗುವವಳಿಗೆ ಯಾವ ರಜೆ? ಅಂಥವರು ಕೈ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ ಮುಚ್ಚಿಟ್ಟು ಹೋಗಬಹುದು. ಮನೆಯ ತಂಪು ಮೂಲೆಯಲ್ಲಿ ನಾಲ್ಕು ಗಂಟೆಯವರೆಗೆ ಇಡಬಹುದು, ಕಡು ಬೇಸಿಗೆಯಲ್ಲಿ ಇನ್ನೂ ಬೇಗ ಮುಗಿಸಬೇಕು. ಉಣಿಸಲು ಬಾಟಲಿ ಬೇಡ. ಒಳಲೆ ಇದ್ದರೆ ಒಳಲೆ, ಇಲ್ಲದಿದ್ದರೆ ಬಟ್ಟಲು-ಚಮಚ.

ಹನ್ನೆರಡನೆಯ ಶತಮಾನದಲ್ಲಿ ಕಾಯಕಕ್ಕೆ ಘನತೆ ಕೊಟ್ಟ ನೆಲ ನಮ್ಮ ಕಲ್ಯಾಣ. ಕೂಸನ್ನು ಎದೆಗವಚಿ ಕುಳಿತ ಸೊಸೆಯನ್ನು "ಕೆಲಸಗಳ್ಳಿ, ಕುಂತೇ ಇರ್ತಾಳ" ಎನ್ನುವ ಮಾತು ಇಲ್ಲಿಯೂ ಕೇಳುತ್ತದೆಂಬುದು ನನಗೆ ಬೇಸರ. ಅವಳು ಕುಳಿತಿರುವುದು ಕಾಯಕಕ್ಕೇ. ಸಮುವೇಲನ ತಾಯಿ ಹನ್ನಳನ್ನು ನೆನೆಯಿರಿ. ಹಾಲು ಬಿಡಿಸುವವರೆಗೆ ಶಿಲೋವಿನ ಯಾತ್ರೆಗೂ ಬರಲಾರೆ ಎಂದಳು ಆಕೆ. ದೇವರ ಆಲಯಕ್ಕೆ ಹೋಗುವ ಯಾತ್ರೆ ಅದು! ಗಂಡ ಎಲ್ಕಾನ ಬಯ್ಯಲಿಲ್ಲ, ನಿನಗೆ ಸರಿಕಂಡಂತೆ ಮಾಡು ಎಂದು ಒಪ್ಪಿದ. ನಮ್ಮ ಗಂಡಂದಿರು ಹಾಲುಣಿಸಲಾರರು; ನೀರು ತರಬಲ್ಲರು, ರೊಟ್ಟಿ ಬಡಿಯಬಲ್ಲರು, ರಾತ್ರಿ ತೊಟ್ಟಿಲು ತೂಗಬಲ್ಲರು, ತಾಯಿಯ ಮಾತನ್ನೂ ಹೆಂಡತಿಯ ಅಳುವನ್ನೂ ಕೇಳಿ ನಡುವೆ ನಿಲ್ಲಬಲ್ಲರು.

ಬಲಿಪೂಜೆಯ ನಡುವೆ ಕೂಸು ಅತ್ತರೆ ಅನೇಕ ತಾಯಂದಿರು ಅಪರಾಧ ಮಾಡಿದವರಂತೆ ಹೊರಗೆ ಬಿಸಿಲಿಗೆ ಓಡುತ್ತಾರೆ. 2014ರ ಜನವರಿಯಲ್ಲಿ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಕೊಡುವಾಗ ಜಗದ್ಗುರು ಫ್ರಾನ್ಸಿಸ್‌ರವರು, ಹಸಿದ ಮಕ್ಕಳಿಗೆ ಅಲ್ಲೇ ಹಾಲುಣಿಸಲು ಹಿಂಜರಿಯಬೇಡಿ ಎಂದು ತಾಯಂದಿರಿಗೆ ಹೇಳಿದರು. ಆ ಚಾವಣಿಯ ಕೆಳಗೆ ಸಲ್ಲುವುದು ನಮ್ಮ ತಗಡಿನ ಚಾವಣಿಯ ಕೆಳಗೂ ಸಲ್ಲುತ್ತದೆ. ಆ ಹಳ್ಳಿಯ ದೇವಾಲಯದಲ್ಲಿ ಈಗ ಬಲಬದಿಯ ಕಿಟಕಿಯ ಹತ್ತಿರ ಗೋಡೆಗೆ ತಾಗಿಸಿ ಒಂದು ಚಾಪೆ, ಎರಡು ದಿಂಬು ಹಾಕಿಸಿದ್ದೇವೆ. ಬಾಟಲಿ ತಂದಿದ್ದ ಆ ಅಜ್ಜಿಯೇ ಅದರ ಮುಂದೆ ಸೆರಗು ಹರಡಿಕೊಂಡು ಕೂಡುತ್ತಾರೆ. ಹೊಸ ಬಾಣಂತಿ ಯಾರು ಬಂದರೂ, "ಹೊಟ್ಟಿಗಿ ಹೊಟ್ಟಿ ಹಚ್ಚವ್ವಾ" ಎಂದು ನನ್ನ ಪ್ರಬೋಧನೆಗಿಂತ ಗಟ್ಟಿಯಾಗಿ ಹೇಳುತ್ತಾರೆ.