ಟವರ್ ಇಲ್ಲದ ಕಾಡಿನ ಮೇಲೆ ಟ್ಯಾಬ್‌ಗೆ ದಾರಿ ಹೇಗೆ ಗೊತ್ತು?

ಪ್ರಶ್ನೆ: ಸಣ್ಣ ವಿಮಾನದ ಪೈಲಟ್‌ಗಳು ಈಗ ಟ್ಯಾಬ್‌ನಲ್ಲಿ ದಾರಿ ನೋಡಿಕೊಂಡು ಹಾರುತ್ತಾರೆ ಎಂದು ಕೇಳಿದ್ದೇನೆ. ನಮ್ಮ ಜೊಯಿಡಾ ಕಡೆ ಒಂದು ಫೋನ್ ಮಾಡಲಿಕ್ಕೂ ಗುಡ್ಡ ಹತ್ತಬೇಕು. ಇಂಥ ಕಾಡಿನ ಮೇಲೆ ಹಾರುವಾಗ ಆ ಟ್ಯಾಬ್‌ಗೆ ದಾರಿ ಹೇಗೆ ಗೊತ್ತಾಗುತ್ತದೆ?

ಉತ್ತರ: ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಬಿಡದೆ ಸಮಯದ ಸಂಕೇತ ಕಳಿಸುತ್ತಿರುತ್ತವೆ. ಟ್ಯಾಬ್ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ತಿರುಗಿ ಏನನ್ನೂ ಕಳಿಸುವುದಿಲ್ಲ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಮೊಬೈಲ್ ಟವರ್‌ನ ಹಂಗಿಲ್ಲ. ನಿಮ್ಮ ಫೋನಿನಲ್ಲೂ ಸಿಗ್ನಲ್ ಇಲ್ಲದ ಕಡೆ ನೀಲಿ ಚುಕ್ಕೆ ಸರಿಯಾಗಿಯೇ ಇರುತ್ತದೆ, ಸುತ್ತಲಿನ ನಕ್ಷೆ ಮಾತ್ರ ಖಾಲಿ. ಅದಕ್ಕೇ ಪೈಲಟ್ ಹೊರಡುವ ಮೊದಲೇ ನಕ್ಷೆ ಡೌನ್‌ಲೋಡ್ ಮಾಡಿಕೊಂಡಿರಬೇಕು. ಇನ್ನೊಂದು ಸಂಗತಿ ಗೊತ್ತಿರಲಿ: ವೈಫೈ ಮಾತ್ರ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಇರುವುದಿಲ್ಲ. ಆಕಾಶದಲ್ಲಿ ಸಿಮ್ ಉಪಯೋಗಕ್ಕೆ ಬಾರದಿದ್ದರೂ ಪೈಲಟ್‌ಗಳು ಸಿಮ್ ಹಾಕುವ ಮಾದರಿಯನ್ನೇ ಕೊಳ್ಳುವುದು ಇದಕ್ಕಾಗಿ.

ಟವರ್ ಇಲ್ಲದೆ ತೊಂದರೆಯಾಗುವುದು ಹವಾಮಾನದ ವಿಷಯದಲ್ಲಿ. ಮೋಡದ ಚಿತ್ರ ಬರುವುದು ಇಂಟರ್ನೆಟ್‌ನಿಂದ. ನಿಮ್ಮ ಕಾಡಿನ ಮೇಲೆ ಬಂದಾಗ ಪರದೆಯ ಮೇಲಿರುವುದು ಹೊರಟಾಗ ಇಳಿಸಿಕೊಂಡ ಹಳೆಯ ಚಿತ್ರ. ಮಳೆಗಾಲದಲ್ಲಿ ಸಮುದ್ರದ ಕಡೆಯಿಂದ ಏರಿ ಬರುವ ಮೋಡ ಎಷ್ಟು ಬೇಗ ಘಟ್ಟವನ್ನು ಮುಚ್ಚುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಪರದೆಯಲ್ಲಿ ದಾರಿ ತೆರೆದೇ ಇರುತ್ತದೆ, ಎದುರಿಗೆ ಗುಡ್ಡವೇ ಕಾಣುವುದಿಲ್ಲ. ಆಗ ಕಿಟಕಿಯನ್ನು ನಂಬಿ ಹಿಂದೆ ತಿರುಗಬೇಕು.

ಬಿಸಿಲಿನ ಕಾಟವೂ ಇದೆ. ಟ್ಯಾಬ್ ಅನ್ನು ಹೆಚ್ಚಾಗಿ ತೊಡೆಗೆ ಪಟ್ಟಿ ಕಟ್ಟಿ ಇಟ್ಟುಕೊಳ್ಳುತ್ತಾರೆ. ಐಪ್ಯಾಡ್ ಬಳಸಲು ಕಂಪನಿ ಹೇಳುವ ಮಿತಿ 35 ಡಿಗ್ರಿ ಸೆಲ್ಸಿಯಸ್. ಏಪ್ರಿಲ್‌ನಲ್ಲಿ ಗಾಜಿನ ಕೆಳಗೆ ಕೂತ ಪೈಲಟ್‌ನ ತೊಡೆಯ ಮೇಲೆ ಅದು ಕಾದು, ತಣ್ಣಗಾಗುವವರೆಗೆ ಬಳಸಬೇಡಿ ಎಂಬ ಸೂಚನೆ ತೋರಿಸಿ ಕಪ್ಪಾಗಿಬಿಡಬಹುದು. ಜೊತೆಗೆ ಕಾಗದದ ನಕ್ಷೆಯೋ ಇನ್ನೊಂದು ಟ್ಯಾಬೋ ಇರಲೇಬೇಕು.

ಹಾಗೆ ಕಪ್ಪಾದರೂ ನಿಮ್ಮ ಸೀಮೆಯಲ್ಲಿ ಗುರುತುಗಳಿಗೆ ಬರವಿಲ್ಲ. ಅಳ್ನಾವರದಿಂದ ಬರುವ ರೈಲು ಹಳಿ ಹಿಡಿದರೆ ದಾಂಡೇಲಿ, ಅಲ್ಲಿ ಕಾಗದದ ಕಾರ್ಖಾನೆ. ನಿಮಿಷಕ್ಕೆ 3 ಕಿ.ಮೀ. ಹೋಗುವ ತರಬೇತಿ ವಿಮಾನಕ್ಕೆ ಅಲ್ಲಿಂದ ಸೂಪಾ ಅಣೆಕಟ್ಟು ಮೂರು-ನಾಲ್ಕು ನಿಮಿಷ. ಪೂರ್ವಕ್ಕೆ ತಿರುಗಿದರೆ ಹಳಿಯಾಳದ ಬಯಲು, ಅದರಾಚೆ ಮುಂಡಗೋಡದ ಟಿಬೆಟನ್ ಕಾಲನಿಯ ಮಠಗಳು.

ಎಂಜಿನ್ ನಿಂತರೆ? ನಾಲ್ಕು ಸೀಟಿನ ಸೆಸ್ನಾ 172 ವಿಮಾನ ನೆಲದಿಂದ 1 ಕಿ.ಮೀ. ಎತ್ತರದಲ್ಲಿದ್ದರೆ, ಗಾಳಿ ಎದುರಾಗದಿದ್ದಲ್ಲಿ, ಸುಮಾರು 9 ಕಿ.ಮೀ. ತೇಲಿಕೊಂಡು ಹೋಗುತ್ತದೆ. ಕೆಲವು ಆ್ಯಪ್‌ಗಳು ಅಷ್ಟು ದೂರಕ್ಕೆ ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುತ್ತವೆ, ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಹಳಿಯಾಳದ ಮೇಲೆ ಆ ಗೆರೆಯೊಳಗೆ ಗದ್ದೆಗಳಿರುತ್ತವೆ; ಜೊಯಿಡಾದ ಮೇಲೆ, ಕಣಿವೆಯ ತುಂಡು ಗದ್ದೆಗಳನ್ನು ಬಿಟ್ಟರೆ, ಬರೀ ಮರ. ಹಳಿಯಾಳ ಅಲ್ಲಿಂದ 30 ಕಿ.ಮೀ.ಗೂ ದೂರ. ಆದ್ದರಿಂದ ನಿಮ್ಮ ಊರಿನ ಮೇಲೆ ಹಾರುವ ಪೈಲಟ್, ಎಂಜಿನ್ ಚೆನ್ನಾಗಿ ಓಡುತ್ತಿರುವಾಗಲೇ ಕೆಳಗೆ ನೋಡಿ ತನ್ನದೊಂದು ಗದ್ದೆಯನ್ನು ಗೊತ್ತುಮಾಡಿಕೊಂಡಿರಬೇಕು. ಅದು ಹಿಂದೆ ಸರಿದ ಕೂಡಲೇ ಇನ್ನೊಂದನ್ನು.