ಹಿತ್ತಿಲಿನಿಂದ ಹೆದ್ದಾರಿಗೆ: ಸ್ವಯಂನಿರ್ಮಿತ ಕಾರಿನ ಅನುಮೋದನೆ

ಸ್ವಂತ ಕೈಯಿಂದ ಮಾಡಿದ ವಸ್ತುವಿನಲ್ಲಿ ಮನುಷ್ಯನು ಕಾಣುವ ತೃಪ್ತಿಯು ಹಣ ಕೊಟ್ಟು ತಂದ ವಸ್ತುವಿನಲ್ಲಿ ದೊರೆಯುವುದಿಲ್ಲ. ಒಂದು ಕುರ್ಚಿಯನ್ನೋ ಕಪಾಟನ್ನೋ ಮಾಡಿಕೊಂಡವನು ಅದರ ಗುಣದೋಷಗಳನ್ನು ತಾನೇ ಅನುಭವಿಸುತ್ತಾನೆ. ಕುರ್ಚಿಯ ಕಾಲು ಮುರಿದರೆ ಬೀಳುವವನು ಅವನೇ. ಆದರೆ ಅದೇ ಮನುಷ್ಯನು ಮನೆಯ ಹಿತ್ತಿಲಿನಲ್ಲಿ ಒಂದು ಮೋಟಾರು ಕಾರನ್ನು ಕಟ್ಟಿ ರಸ್ತೆಗೆ ತಂದನೆಂದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಅಲ್ಲಿ ಒಂದು ಬೋಲ್ಟು ಸಡಿಲವಾಗಿದ್ದರೆ ಗಾಯಗೊಳ್ಳುವವನು ಶಾಲೆಯಿಂದ ಮನೆಗೆ ಹೊರಟ ಬಾಲಕನಾಗಿರಬಹುದು, ಎದುರಿನಿಂದ ಬರುವ ಸೈಕಲ್ ಸವಾರನಾಗಿರಬಹುದು. ನಿರ್ಮಾಪಕನ ಸ್ವಾತಂತ್ರ್ಯ ಎಲ್ಲಿ ಮುಗಿಯುತ್ತದೆ, ದಾರಿಹೋಕನ ಹಕ್ಕು ಎಲ್ಲಿ ಆರಂಭವಾಗುತ್ತದೆ ಎಂಬ ಈ ಪ್ರಶ್ನೆಗೆ ಬ್ರಿಟನ್ ದೇಶವು ಕಂಡುಕೊಂಡ ಉತ್ತರವು ಅಧ್ಯಯನಕ್ಕೆ ಯೋಗ್ಯವಾದುದು.

ಕಿಟ್ ಕಾರು ಎಂದರೇನು?

ಕಾರ್ಖಾನೆಯಲ್ಲಿ ಪೂರ್ಣವಾಗಿ ಸಿದ್ಧವಾಗದೆ, ಬಿಡಿಭಾಗಗಳ ರೂಪದಲ್ಲಿ ಮಾರಾಟವಾಗಿ, ಕೊಂಡವನ ಮನೆಯಲ್ಲಿಯೇ ಜೋಡಣೆಗೊಳ್ಳುವ ಕಾರಿಗೆ ಕಿಟ್ ಕಾರು ಎಂದು ಹೆಸರು. ಸಾಮಾನ್ಯವಾಗಿ ಚಾಸಿ, ಮೈಹೊದಿಕೆ ಮತ್ತು ಕೆಲವು ವಿಶೇಷ ಭಾಗಗಳು ಕಿಟ್ಟಿನಲ್ಲಿ ಬರುತ್ತವೆ. ಎಂಜಿನು, ಗೇರುಪೆಟ್ಟಿಗೆ, ಹಿಂದಿನ ಆಕ್ಸಲ್, ಸ್ಟೀರಿಂಗ್ ಮುಂತಾದವುಗಳನ್ನು ಒಂದು ಹಳೆಯ ಕಾರಿನಿಂದ ಬಿಚ್ಚಿ ತೆಗೆಯುವುದುಂಟು. ಹೀಗೆ ತನ್ನ ಅಂಗಾಂಗಗಳನ್ನು ಕೊಡುವ ಹಳೆಯ ಕಾರನ್ನು ಅಲ್ಲಿಯವರು ‘ದಾನಿ ಕಾರು’ ಎಂಬರ್ಥದ ಮಾತಿನಿಂದಲೇ ಕರೆಯುತ್ತಾರೆ. ಇನ್ನೂ ಮುಂದೆ ಹೋದ ಹವ್ಯಾಸಿಗಳು ಕಿಟ್ಟನ್ನೂ ಕೊಳ್ಳದೆ, ಚೌಕ ಉಕ್ಕಿನ ಕೊಳವೆಗಳನ್ನು ಕತ್ತರಿಸಿ ಬೆಸುಗೆ ಹಾಕಿ ಚಾಸಿಯನ್ನೂ ತಾವೇ ಮಾಡಿಕೊಳ್ಳುತ್ತಾರೆ. ಕೇವಲ 250 ಪೌಂಡುಗಳ ವೆಚ್ಚದಲ್ಲಿ ಕ್ರೀಡಾಕಾರನ್ನು ಕಟ್ಟುವ ವಿಧಾನವನ್ನು ತಿಳಿಸುವ ರಾನ್ ಚಾಂಪಿಯನ್ ಅವರ ಪುಸ್ತಕವು 1996ರಲ್ಲಿ ಪ್ರಕಟವಾದ ಬಳಿಕ ಈ ಬಗೆಯ ಸಾಹಸಕ್ಕೆ ಹೊಸ ಚಾಲನೆ ದೊರೆಯಿತು.

ಹವ್ಯಾಸದ ಹಿನ್ನೆಲೆ

ಬ್ರಿಟನ್ನಿನಲ್ಲಿ ಈ ಹವ್ಯಾಸವು ಬೇರೂರಲು ಎರಡು ಕಾರಣಗಳು ಮುಖ್ಯವಾದವು. ಮೊದಲನೆಯದು, ಅಗ್ಗದ ಹಳೆಯ ಕಾರುಗಳು ವಿಪುಲವಾಗಿ ದೊರೆಯುತ್ತಿದ್ದುದು. 1922ರಲ್ಲಿ ಬೆಳಕಿಗೆ ಬಂದು 1939ರವರೆಗೆ ತಯಾರಾದ ಆಸ್ಟಿನ್ ಸೆವೆನ್ ಎಂಬ ಚಿಕ್ಕ ಕಾರಿನ ಹಳೆಯ ಚಾಸಿಗಳೇ ಯುದ್ಧಾನಂತರದ ಅನೇಕ ತರುಣರ ಪ್ರಯೋಗಶಾಲೆಗಳಾದವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಕಾಲಿನ್ ಚಾಪ್‌ಮನ್ 1948ರಲ್ಲಿ ತನ್ನ ಮೊದಲ ಕಾರನ್ನು ಕಟ್ಟಿದ್ದು ಇಂತಹ ಒಂದು ಆಸ್ಟಿನ್ ಸೆವೆನ್ನಿನ ಮೇಲೆಯೇ. ಮುಂದೆ ಜಗತ್ಪ್ರಸಿದ್ಧವಾದ ಲೋಟಸ್ ಸಂಸ್ಥೆಯ ಬೀಜ ಅಲ್ಲಿತ್ತು.

ಎರಡನೆಯ ಕಾರಣ ತೆರಿಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ ಜಾರಿಗೆ ಬಂದ ಖರೀದಿ ತೆರಿಗೆಯು ಹೊಸ ಕಾರುಗಳ ಮೇಲೆ ದೊಡ್ಡ ಹೊರೆಯಾಗಿತ್ತು. ಬಿಡಿಭಾಗಗಳ ರೂಪದ ಕಾರಿಗೆ ಈ ತೆರಿಗೆ ಅನ್ವಯಿಸುತ್ತಿರಲಿಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಈ ಮಾರ್ಗದಿಂದಲೇ ಸಾಮಾನ್ಯ ಸಂಪಾದನೆಯ ತರುಣರ ಕೈಗೆ ಎಟುಕಿತು. ಜೋಡಣೆಯ ಸೂಚನೆಗಳನ್ನು ಕೊಟ್ಟರೆ ತೆರಿಗೆ ಬೀಳುತ್ತದೆಂದು, ಕಾರನ್ನು ಬಿಚ್ಚುವ ಸೂಚನೆಗಳನ್ನು ಕೊಟ್ಟು ಅವುಗಳನ್ನು ಹಿಂದುಮುಂದಾಗಿ ಓದಿಕೊಳ್ಳಲು ಬಿಟ್ಟರೆಂಬ ಸ್ವಾರಸ್ಯದ ಮಾತೊಂದು ಇಂದಿಗೂ ಪ್ರಚಲಿತವಾಗಿದೆ. 1973ರಲ್ಲಿ ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಾಗ ಈ ಅನುಕೂಲವು ಇಲ್ಲವಾಯಿತು. ಅದೇ ವರ್ಷ ಲೋಟಸ್ ಸೆವೆನ್ನಿನ ಹಕ್ಕುಗಳು ಕೇಟರ್‌ಹ್ಯಾಮ್ ಸಂಸ್ಥೆಯ ಪಾಲಾದವು. ಆದರೂ ಹವ್ಯಾಸ ನಿಲ್ಲಲಿಲ್ಲ. ತೆರಿಗೆ ಉಳಿಸುವುದಕ್ಕೆಂದು ಆರಂಭಿಸಿದ್ದನ್ನು ಜನರು ಕೈಕೆಲಸದ ಆನಂದಕ್ಕಾಗಿ ಮುಂದುವರಿಸಿದರು.

ಪರೀಕ್ಷೆಯ ಉಗಮ

ಕಾರ್ಖಾನೆಯವರು ಒಂದೇ ಮಾದರಿಯ ಸಾವಿರಾರು ಕಾರುಗಳನ್ನು ತಯಾರಿಸುತ್ತಾರೆ. ಆದ್ದರಿಂದ ಕೆಲವು ಕಾರುಗಳನ್ನು ಗೋಡೆಗೆ ಅಪ್ಪಳಿಸಿ, ಪುಡಿಮಾಡಿ ಪರೀಕ್ಷಿಸಿದರೂ ಅವರಿಗೆ ನಷ್ಟವಿಲ್ಲ. ಇದು ಮಾದರಿ ಅನುಮೋದನೆಯ ಕ್ರಮ. ಜೀವಮಾನದಲ್ಲಿ ಒಂದೇ ಕಾರನ್ನು ಕಟ್ಟುವವನಿಗೆ ಈ ಕ್ರಮ ಹೊಂದುವುದಿಲ್ಲ. ಪರೀಕ್ಷೆ ಮುಗಿಯುವ ಹೊತ್ತಿಗೆ ಅವನ ಕಾರೇ ಉಳಿದಿರುವುದಿಲ್ಲ. ಹಾಗೆಂದು ಪರೀಕ್ಷೆಯೇ ಬೇಡವೆನ್ನಲು ಸಾಧ್ಯವೇ? ಸಾಧ್ಯವಿಲ್ಲವೆಂದು ಮನಗಂಡ ಬ್ರಿಟಿಷ್ ಸರಕಾರವು 1998ರಲ್ಲಿ ಒಂಟಿ ವಾಹನಗಳ ಅನುಮೋದನೆಗೆಂದೇ ಒಂದು ಪರೀಕ್ಷೆಯನ್ನು ಜಾರಿಗೆ ತಂದಿತು. 2009ರ ಏಪ್ರಿಲ್ ತಿಂಗಳಿನಲ್ಲಿ ಅದರ ಸ್ಥಾನಕ್ಕೆ ‘ಇಂಡಿವಿಜುಯಲ್ ವೆಹಿಕಲ್ ಅಪ್ರೂವಲ್’ ಎಂಬ, ಇನ್ನಷ್ಟು ವಿಸ್ತಾರವಾದ ಪರೀಕ್ಷೆ ಬಂದಿತು. ಇದನ್ನು ಸಂಕ್ಷೇಪವಾಗಿ ಐ.ವಿ.ಎ. ಎನ್ನುತ್ತಾರೆ. ಹವ್ಯಾಸಿಯು ತನ್ನ ಸ್ವಂತ ಉಪಯೋಗಕ್ಕಾಗಿ ಕಟ್ಟಿದ ಕಾರಿಗೆ ಇದರಲ್ಲಿ ಪ್ರತ್ಯೇಕ ವರ್ಗವಿದೆ. ಕಾರನ್ನು ಒಡೆಯದೆ, ನೋಡಿ, ಅಳೆದು, ಓಡಿಸಿ ತೀರ್ಮಾನಿಸುವುದು ಇದರ ತಿರುಳು.

ಪರೀಕ್ಷಕನು ನೋಡುವುದೇನು?

ಪರೀಕ್ಷಾ ಕೇಂದ್ರಕ್ಕೆ ಬಂದ ಕಾರನ್ನು ಸರಕಾರಿ ಪರೀಕ್ಷಕನು ಅಂಗುಲ ಅಂಗುಲವಾಗಿ ತಪಾಸಣೆ ಮಾಡುತ್ತಾನೆ. ದೀಪಗಳು, ಕನ್ನಡಿಗಳು, ಸೀಟುಬೆಲ್ಟಿನ ಕೊಂಡಿಗಳು, ಇಂಧನ ಟಾಂಕಿ, ವಿದ್ಯುತ್ ತಂತಿಗಳು, ಹೊಗೆಯ ಪ್ರಮಾಣ, ಸದ್ದಿನ ಮಟ್ಟ ಎಲ್ಲವೂ ಅವನ ಪಟ್ಟಿಯಲ್ಲಿವೆ. ಅವುಗಳಲ್ಲಿ ನಾಲ್ಕು ಅಂಶಗಳನ್ನು ಇಲ್ಲಿ ವಿವರಿಸಿದರೆ ಪರೀಕ್ಷೆಯ ಹಿಂದಿರುವ ವಿಚಾರಸರಣಿ ಸ್ಪಷ್ಟವಾಗುತ್ತದೆ.

ಒಂದು: ಚೂಪಾದ ಅಂಚುಗಳು. ಪರೀಕ್ಷಕನು 100 ಮಿಲಿಮೀಟರ್ ವ್ಯಾಸದ ಒಂದು ಗೋಲವನ್ನು ಕಾರಿನ ಹೊರಮೈಗೆ ತಾಗಿಸುತ್ತಾ ಹೋಗುತ್ತಾನೆ. ಆ ಗೋಲವು ಮುಟ್ಟಬಲ್ಲ ಗಟ್ಟಿಯಾದ ಅಂಚು ಸಾಮಾನ್ಯವಾಗಿ ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟಾದರೂ ದುಂಡಗಿರಬೇಕು. ಒಳಭಾಗದಲ್ಲಿ ಗೋಲದ ವ್ಯಾಸ 165 ಮಿಲಿಮೀಟರ್. ಅಪಘಾತದಲ್ಲಿ ಮುಂದಕ್ಕೆ ಎಸೆಯಲ್ಪಡುವ ತಲೆಗೆ ಅದು ಪ್ರತಿನಿಧಿ. ಹೊರಗಿನ ಗೋಲ ಕಾಯುವುದು ದಾರಿಹೋಕನನ್ನು, ಒಳಗಿನದು ಪ್ರಯಾಣಿಕನನ್ನು. ತಿಂಗಳುಗಟ್ಟಲೆ ದುಡಿದು ಅಂದವಾಗಿ ಮಾಡಿದ ಕಾರು ಒಂದು ಕಬ್ಬಿಣದ ಪಟ್ಟಿಯ ಅಂಚಿನ ದೆಸೆಯಿಂದ ಅನುತ್ತೀರ್ಣವಾದಾಗ ನಿರ್ಮಾಪಕನಿಗೆ ಬೇಸರವಾಗುವುದು ಸಹಜ. ಆದರೆ ಆ ಅಂಚು ಮಗುವಿನ ತೊಡೆಗೆ ತಗಲುವ ಎತ್ತರದಲ್ಲಿದೆ ಎಂದು ಯೋಚಿಸಿದರೆ ನಿಯಮದ ಅರ್ಥ ತಿಳಿಯುತ್ತದೆ.

ಎರಡು: ಬ್ರೇಕಿನ ಹಂಚಿಕೆ. ಬ್ರೇಕು ಒತ್ತಿದೊಡನೆ ಕಾರಿನ ಭಾರವು ಮುಂದಿನ ಚಕ್ರಗಳ ಮೇಲೆ ಹೆಚ್ಚಾಗಿ, ಹಿಂದಿನ ಚಕ್ರಗಳ ಮೇಲೆ ಕಡಿಮೆಯಾಗುತ್ತದೆ. ಉರುಳುವುದನ್ನು ನಿಲ್ಲಿಸಿ ಜಾರತೊಡಗಿದ ಟೈರಿಗೆ ಪಕ್ಕಕ್ಕೆ ಹಿಡಿದು ನಿಲ್ಲುವ ಶಕ್ತಿ ಉಳಿಯದು. ಹಿಂದಿನ ಚಕ್ರಗಳು ಮೊದಲು ಬಿಗಿದರೆ ಕಾರು ಬುಗುರಿಯಂತೆ ಗಿರ್ರನೆ ತಿರುಗಿಬಿಡುತ್ತದೆ. ಮುಂದಿನವು ಮೊದಲು ಬಿಗಿದರೆ ಸ್ಟೀರಿಂಗ್ ಕೆಲಸ ಮಾಡದಿದ್ದರೂ ಕಾರು ನೇರವಾಗಿ ಸಾಗಿ ನಿಲ್ಲುತ್ತದೆ. ಎರಡೂ ಅನಿಷ್ಟವೇ, ಆದರೆ ಎರಡನೆಯದು ಕಡಿಮೆ ಅನಿಷ್ಟ. ಆದಕಾರಣ ಮುಂದಿನ ಚಕ್ರಗಳೇ ಮೊದಲು ಬಿಗಿಯಬೇಕೆಂಬುದು ನಿಯಮ. ಭಾರವಾದ ದಾನಿ ಕಾರಿಗೆಂದು ಮಾಡಿದ ಬ್ರೇಕುಗಳನ್ನು ಹಗುರವಾದ ಹೊಸ ಕಾರಿಗೆ ಅಳವಡಿಸಿದಾಗ ಈ ಹಂಚಿಕೆ ಕೆಟ್ಟಿರುವ ಸಂಭವ ಉಂಟು. ಪ್ರತಿಯೊಂದು ಭಾಗವೂ ನಿರ್ದೋಷವಾಗಿದ್ದು, ಅವುಗಳ ಕೂಟ ಮಾತ್ರ ಸದೋಷವಾಗಿರುವುದಕ್ಕೆ ಇದು ಉತ್ತಮ ನಿದರ್ಶನ.

ಮೂರು: ಸ್ಟೀರಿಂಗ್ ತಾನೇ ನೇರವಾಗುವುದು. ತಿರುವಿನಲ್ಲಿ ಸ್ಟೀರಿಂಗ್ ಚಕ್ರವನ್ನು ಸಡಿಲಬಿಟ್ಟರೆ ಅದು ಮಧ್ಯಸ್ಥಿತಿಯ ಕಡೆಗೆ ಮರಳಬೇಕು. ಇದಕ್ಕಾಗಿ ಮುಂದಿನ ಚಕ್ರ ತಿರುಗುವ ಕೀಲಿನ ಅಕ್ಷವನ್ನು, ಅದರ ಮೇಲ್ತುದಿ ಹಿಂದಕ್ಕೆ ವಾಲುವಂತೆ ಇರಿಸುತ್ತಾರೆ. ಆ ಅಕ್ಷವನ್ನು ನೆಲದವರೆಗೆ ಎಳೆದರೆ ಟೈರು ನೆಲವನ್ನು ಮುಟ್ಟುವ ಜಾಗಕ್ಕಿಂತ ತುಸು ಮುಂದೆ ಅದು ನೆಲವನ್ನು ಸೇರುತ್ತದೆ. ಹೀಗಾಗಿ ಟೈರು ಅಕ್ಷದ ಹಿಂದೆ ಎಳೆಯಲ್ಪಡುತ್ತಾ ತಾನಾಗಿಯೇ ಸಾಲಿಗೆ ಬರುತ್ತದೆ. ಆಸ್ಪತ್ರೆಯ ತಳ್ಳುಗಾಡಿಯನ್ನು ನೂಕಿದಾಗ ಅದರ ಸಣ್ಣ ಚಕ್ರಗಳು ಹಿಂದಕ್ಕೆ ಹೊರಳಿ ನೇರವಾಗುವುದೂ ಇದೇ ತತ್ತ್ವದಿಂದ. ಹಗುರವಾದ ಕಾರುಗಳಲ್ಲಿ ಈ ಬಲ ಸಾಲದೆ ಹೋಗುವುದರಿಂದ, ಮೊದಲ ಪರೀಕ್ಷೆಯಲ್ಲಿ ಈ ಅಂಶದ ಮೇಲೆ ಸೋಲುವವರು ಅಪರೂಪವಲ್ಲ. ಅಂಥವರು ಅಕ್ಷದ ಓರೆಯನ್ನು ಹೆಚ್ಚಿಸಿ ಮತ್ತೆ ಬರುತ್ತಾರೆ.

ನಾಲ್ಕು: ವೇಗಮಾಪಕ. ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು. ಒಂದು ಮಿತಿಯವರೆಗೆ ಹೆಚ್ಚು ತೋರಿಸಿದರೆ ಅಡ್ಡಿಯಿಲ್ಲ. ದಾನಿ ಕಾರಿನ ಗೇರುಪೆಟ್ಟಿಗೆಯನ್ನು ಇರಿಸಿಕೊಂಡು ಬೇರೆ ಅಳತೆಯ ಟೈರು ಹಾಕಿದರೆ ಮಾಪಕದ ಲೆಕ್ಕ ತಪ್ಪುತ್ತದೆ. ಟೈರು ದೊಡ್ಡದಾದರೆ ಒಂದು ಸುತ್ತಿಗೆ ಕ್ರಮಿಸುವ ದೂರ ಹೆಚ್ಚು. ಮಾಪಕಕ್ಕೆ ಮಾತ್ರ ಅದು ತಿಳಿಯದು. ಚಾಲಕನು ತನ್ನ ವೇಗವನ್ನು ಕಡಿಮೆಯೆಂದು ಭ್ರಮಿಸುತ್ತಾನೆ. ತಪ್ಪುವುದೇ ಆದರೆ ಎಚ್ಚರಿಕೆಯ ಕಡೆಗೆ ತಪ್ಪಲಿ ಎಂಬುದು ಇಲ್ಲಿನ ನೀತಿ.

ದಾಖಲೆಗಳ ಮಹತ್ವ

ಕಾರು ಸರಿಯಾಗಿದ್ದರೆ ಸಾಲದು. ಅದು ಎಲ್ಲಿಂದ ಬಂತೆಂಬುದನ್ನೂ ನಿರ್ಮಾಪಕನು ತೋರಿಸಬೇಕು. ಭಾಗಗಳನ್ನು ಕೊಂಡ ರಸೀದಿಗಳು, ಕೆಲಸದ ಹಂತಹಂತದ ಛಾಯಾಚಿತ್ರಗಳು, ಎಂಜಿನು ತಯಾರಾದ ಕಾಲದ ಪುರಾವೆ, ಚಾಸಿಯ ಮೇಲೆ ಅಳಿಸಲಾಗದಂತೆ ಕೊರೆದ ಗುರುತಿನ ಸಂಖ್ಯೆ ಇವೆಲ್ಲ ಬೇಕಾಗುತ್ತವೆ. ಎಂಜಿನಿನ ವಯಸ್ಸು ತಿಳಿಯದೆ ಯಾವ ಕಾಲದ ಹೊಗೆಯ ಮಿತಿಯನ್ನು ಅದಕ್ಕೆ ಅನ್ವಯಿಸಬೇಕೆಂಬುದು ತಿಳಿಯದು. ಕದ್ದ ವಾಹನದ ಭಾಗಗಳು ಹೊಸ ಹೆಸರಿನಲ್ಲಿ ರಸ್ತೆಗೆ ಬಾರದಂತೆ ತಡೆಯಲೂ ಈ ದಾಖಲೆಗಳು ನೆರವಾಗುತ್ತವೆ.

ಕಾರು ಅನುತ್ತೀರ್ಣವಾದರೆ ಕಾರಣಗಳನ್ನು ಬರಹದಲ್ಲಿ ಕೊಡುತ್ತಾರೆ. ತಿದ್ದಿಕೊಂಡು ಮರುಪರೀಕ್ಷೆಗೆ ಬರಬಹುದು. ಉತ್ತೀರ್ಣವಾದರೆ ಅನುಮೋದನಾ ಪತ್ರ ದೊರೆಯುತ್ತದೆ. ಅದನ್ನು ಇತರ ಕಾಗದಪತ್ರಗಳೊಡನೆ ವಾಹನ ನೋಂದಣಿ ಕಚೇರಿಗೆ ಸಲ್ಲಿಸಿದ ಮೇಲೆಯೇ ನೋಂದಣಿ ಸಂಖ್ಯೆ ಸಿಗುವುದು. ಭಾಗಗಳ ಮೂಲ ಅಥವಾ ವಯಸ್ಸು ಖಚಿತವಾಗದ ಕಾರಿಗೆ ‘ಕ್ಯೂ’ ಅಕ್ಷರದಿಂದ ಆರಂಭವಾಗುವ ಸಂಖ್ಯೆಯನ್ನು ಕೊಡುತ್ತಾರೆ. ಅದು ದಂಡನೆಯಲ್ಲ, ಮುಂದೆ ಆ ಕಾರನ್ನು ಕೊಳ್ಳುವವನಿಗೆ ನೀಡಿದ ಬಹಿರಂಗ ಸೂಚನೆ.

ಭಾರತದ ಸಂದರ್ಭ

ಭಾರತದಲ್ಲಿ ಸ್ಥಿತಿ ಬೇರೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ತಯಾರಕನು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿರ್ಬಂಧವನ್ನು ದೃಢವಾಗಿ ಎತ್ತಿಹಿಡಿಯಿತು. 1989ರ ಕೇಂದ್ರ ನಿಯಮಗಳ ಪ್ರಕಾರ ತಯಾರಕರು ತಮ್ಮ ಮೂಲಮಾದರಿಯನ್ನು ಪುಣೆಯ ಎ.ಆರ್.ಎ.ಐ. ಮುಂತಾದ ಅಧಿಕೃತ ಸಂಸ್ಥೆಗಳ ಪರೀಕ್ಷೆಗೆ ಒಪ್ಪಿಸಬೇಕು. ಇದು ಕಾರ್ಖಾನೆಗೆ ಹೊಂದುವ ಮಾರ್ಗವೇ ಹೊರತು ಒಂಟಿ ಹವ್ಯಾಸಿಗೆ ಎಟುಕುವಂಥದಲ್ಲ.

ಇದರ ಪರಿಣಾಮವನ್ನು ಒಂದು ಪ್ರಸಂಗವು ತೋರಿಸಿತು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕಮ್ಮಾರರೊಬ್ಬರು ತಮ್ಮ ಮಗನ ಆಸೆಯನ್ನು ಪೂರೈಸಲು ಗುಜರಿ ಸಾಮಾನಿನಿಂದ, ಕಾಲಿನಿಂದ ಒದ್ದು ಚಾಲೂ ಮಾಡುವ ಒಂದು ಪುಟ್ಟ ಜೀಪನ್ನು ಕಟ್ಟಿದ ಸುದ್ದಿ 2021ರ ಡಿಸೆಂಬರಿನಲ್ಲಿ ದೇಶದಾದ್ಯಂತ ಹಬ್ಬಿತು. ನಿಯಮಗಳಿಗೆ ಹೊಂದದ ಆ ವಾಹನವನ್ನು ಅಧಿಕಾರಿಗಳು ಎಂದಾದರೂ ತಡೆಯುವರೆಂದು ಉದ್ಯಮಿ ಆನಂದ್ ಮಹೀಂದ್ರಾ ಅವರು ಅದಕ್ಕೆ ಬದಲಾಗಿ ಒಂದು ಬೊಲೆರೊ ವಾಹನವನ್ನು ಕೊಟ್ಟರು. ಕುಟುಂಬಕ್ಕೆ ಒಳಿತಾಯಿತು, ಸಂತೋಷ. ಆದರೆ ಆ ಕಮ್ಮಾರರ ಬ್ರೇಕು ಸರಿಯಾಗಿತ್ತೇ, ಸ್ಟೀರಿಂಗ್ ನೇರವಾಗುತ್ತಿತ್ತೇ ಎಂದು ಅಳೆದು ಹೇಳುವ ಅವಕಾಶವೇ ಒದಗಲಿಲ್ಲ. ಉದಾರ ಉಡುಗೊರೆ ದೊರೆಯಿತು, ಪರೀಕ್ಷೆ ದೊರೆಯಲಿಲ್ಲ.

ವಿದ್ಯಾರ್ಥಿಗಳಿಗೆ ಮಾತ್ರ ಒಂದು ಕಿರುದಾರಿ ಇದೆ. 2007ರಿಂದ ನಡೆಯುತ್ತ ಬಂದಿರುವ ಬಾಹಾ ಸ್ಪರ್ಧೆಯಲ್ಲಿ, ಕರ್ನಾಟಕದ ತಂಡಗಳೂ ಸೇರಿದಂತೆ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳು ತಾವೇ ಕಟ್ಟಿದ ವಾಹನಗಳನ್ನು ತಾಂತ್ರಿಕ ತಪಾಸಣೆಗೆ ಒಪ್ಪಿಸಿ, ಬಳಿಕ ಮೀಸಲು ಪಥದಲ್ಲಿ ಓಡಿಸುತ್ತವೆ. ಆ ವಾಹನಗಳಿಗೆ ಸಾರ್ವಜನಿಕ ರಸ್ತೆಯಿಲ್ಲ. ಆದರೆ ಪರರ ಪರೀಕ್ಷೆಗೆ ತಲೆಬಾಗುವ ಶಿಕ್ಷಣವಿದೆ.

ಉಪಸಂಹಾರ

ನಿಯಮವೆಂದರೆ ಕಲ್ಪನೆಗೆ ಕಟ್ಟಿದ ಬೇಲಿ ಎಂಬ ಭಾವನೆ ಸಾಮಾನ್ಯವಾಗಿದೆ. ಬ್ರಿಟನ್ನಿನ ಉದಾಹರಣೆ ಬೇರೆಯದನ್ನು ಹೇಳುತ್ತದೆ. ‘ಮಾಡಬೇಡ’ ಎನ್ನುವ ಕಾನೂನು ಸುಲಭ. ‘ಮಾಡು, ಆದರೆ ತೋರಿಸು’ ಎನ್ನುವ ಕಾನೂನು ಕಷ್ಟ. ಅದಕ್ಕೆ ತಿಳಿದ ಪರೀಕ್ಷಕರು ಬೇಕು, ಸ್ಪಷ್ಟ ಅಳತೆಗಳು ಬೇಕು, ಸೋತವನಿಗೆ ಕಾರಣ ಹೇಳುವ ಸಹನೆ ಬೇಕು. ಅಂತಹ ಪರೀಕ್ಷೆಯು ಹವ್ಯಾಸಿಯನ್ನು ಅವಮಾನಿಸುವುದಿಲ್ಲ. ಅವನ ಕೆಲಸವನ್ನು ಕಾರ್ಖಾನೆಯ ಕೆಲಸದಂತೆಯೇ ಗಂಭೀರವಾಗಿ ಪರಿಗಣಿಸುತ್ತದೆ.

ಶಾಲೆಯ ಕಾರ್ಯಾಗಾರದಲ್ಲಿ ಅರದಿಂದ ಒಂದು ಅಂಚನ್ನು ಉಜ್ಜುತ್ತಿರುವ ಬಾಲಕನಿಗೆ ಉಪಾಧ್ಯಾಯನು ಹೇಳಿಕೊಡಬೇಕಾದ ಮಾತೂ ಇದೇ. ಅಂಚು ನಯವಾಗಬೇಕಾದುದು ಅಂಕಗಳಿಗಾಗಿ ಮಾತ್ರವಲ್ಲ. ಮುಂದೊಂದು ದಿನ ಅದನ್ನು ಮುಟ್ಟಲಿರುವ ಅಪರಿಚಿತನ ಕೈಗಾಗಿ.