ಸತ್ತ ಕೋಳಿಯನ್ನು ಹೆಬ್ಬಾಳಕ್ಕೆ ಒಯ್ಯಿ

ಮಗಾ, ಯಲಹಂಕದ ಆಚೆ ಶೆಡ್ ಹಾಕಿ ಗಿರಿರಾಜ ಮರಿ ಬಿಟ್ಟಿದ್ದೀಯಂತೆ, ಸಂತೋಷ. ಆ ತಳಿ ಹುಟ್ಟಿದ್ದು ನಿನಗೆ ಹತ್ತಿರದ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲೇ. ಗಟ್ಟಿ ಕೋಳಿ, ನಿಜ. ಹಾಗಂತ ಲಸಿಕೆ ತಪ್ಪಿಸಿದರೆ ಕೊಕ್ಕರೆ ರೋಗ ಬಿಡುವುದಿಲ್ಲ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಳ್ಳುವುದು ಶುರುವಾದ ಮೇಲೆ ಅದಕ್ಕೆ ಮದ್ದಿಲ್ಲ. ಮೊದಲ ವಾರದಲ್ಲೇ ಕಣ್ಣಿಗೊಂದು ಹನಿ ಅದರ ಲಸಿಕೆ ಹಾಕಿಸು, ಎರಡನೇ ವಾರ ಗುಂಬೊರೊ ರೋಗದ ಲಸಿಕೆ, ನಾಲ್ಕನೇ ವಾರ ಮತ್ತೆ ಹನಿ, ಎಂಟನೇ ವಾರ ರೆಕ್ಕೆಯಡಿ ಚುಚ್ಚುಮದ್ದು.

ಸಣ್ಣ ಸಾಕಣೆಯವರು ಎಡವುವುದು ಇಲ್ಲೇ. ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ನಮ್ಮ ಮೂವತ್ತಕ್ಕೆ ಯಾಕೆ ಅಂತ ಬಿಟ್ಟುಬಿಡುತ್ತಾರೆ. ಅಕ್ಕಪಕ್ಕದವರನ್ನು ಸೇರಿಸಿಕೋ, ಒಂದೇ ಬೆಳಿಗ್ಗೆ ಎಲ್ಲರ ಕೋಳಿಗೂ ಹಾಕಿಸಿ. ಲಸಿಕೆಯನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲೇ ತಾ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ನೀರಲ್ಲಿ ಕೊಡುವ ಲಸಿಕೆಯಾದರೆ ನಲ್ಲಿ ನೀರು ಬೇಡ, ಅದರ ಕ್ಲೋರಿನ್ ಲಸಿಕೆಯನ್ನೇ ಕೊಲ್ಲುತ್ತದೆ.

ಮಳೆಗಾಲದಲ್ಲಿ ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾದರೆ ರಕ್ತಭೇದಿ ಬರುತ್ತದೆ. ಹೊಟ್ಟನ್ನು ದಿನಾ ಕೆದಕು, ಹೆಂಟೆಗಟ್ಟಿದ್ದನ್ನು ತೆಗೆದುಹಾಕು. ರಕ್ತಭೇದಿಗೆ ಔಷಧಿ ಇದೆ, ಡಾಕ್ಟರು ಹೇಳಿದ ಅಳತೆಯಲ್ಲಿ ಕೊಡು. ಅಂಗಡಿಯವನ ಮಾತು ಕೇಳಿ ಸಿಕ್ಕ ಆ್ಯಂಟಿಬಯೋಟಿಕ್ ನೀರಿಗೆ ಸುರಿಯಬೇಡ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಅನ್ನು ಕೋಳಿಗೆ ಕೊಡುವುದನ್ನು ಸರ್ಕಾರ 2019ರಲ್ಲೇ ನಿಷೇಧಿಸಿದೆ.

ನಿನ್ನ ಸುತ್ತ ಕೆರೆಗಳಿವೆ, ಹೊರಗಿನ ಹಕ್ಕಿಗಳು ಬಂದಿಳಿಯುತ್ತವೆ. ಕಾಗೆ, ಕೊಕ್ಕರೆ ಮೇವಿಗೆ ಬಾಯಿ ಹಾಕದಂತೆ ಜಾಲರಿ ಕಟ್ಟು. 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಕೇಂದ್ರಕ್ಕೇ ಹಕ್ಕಿಜ್ವರ ಬಂತು. 2018ರ ಜನವರಿಯಲ್ಲಿ ಯಲಹಂಕ ಬಳಿಯ ದಾಸರಹಳ್ಳಿಯಲ್ಲೂ ಪತ್ತೆಯಾಯಿತು. ಒಮ್ಮೆಲೇ ಹಲವು ಕೋಳಿ ಸತ್ತರೆ ಮುಟ್ಟಬೇಡ, ಉಳಿದವನ್ನು ಮಾರಬೇಡ, ಕೊಯ್ಯಬೇಡ. ಮೊದಲು ಪಶು ಆಸ್ಪತ್ರೆಗೆ ಫೋನ್ ಮಾಡು. ನಷ್ಟದ ಭಯಕ್ಕೆ ರಾತ್ರೋರಾತ್ರಿ ಸಾಗಿಸಿಬಿಡುವವರಿದ್ದಾರೆ, ಆ ರೋಗ ಮುಂದಿನ ಊರಿನ ಬಡವರ ಗೂಡಿಗೆ ಹೋಗುತ್ತದೆ. ನಿನ್ನಿಂದ ಹಾಗಾಗಕೂಡದು.

ಒಂದೆರಡು ಸತ್ತಿದ್ದರೆ ರಾಜಕಾಲುವೆಗೆ ಎಸೆಯಬೇಡ. ಎರಡು ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಐಸ್ ಜೊತೆ ಅಂದೇ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಒಯ್ಯಿ. ಕೊಯ್ದು ನೋಡಿದರೆ ರೋಗ ಯಾವುದೆಂದು ತಿಳಿಯುತ್ತದೆ, ಉಳಿದವನ್ನು ಉಳಿಸಿಕೊಳ್ಳಬಹುದು. ಹೋಗುವಾಗ ಮರಿ ತಂದ ದಿನ, ಹಾಕಿಸಿದ ಲಸಿಕೆ, ಸತ್ತವುಗಳ ಲೆಕ್ಕ ಬರೆದ ಪುಸ್ತಕವೂ ಕೈಯಲ್ಲಿರಲಿ. ಡಾಕ್ಟರು ಅದನ್ನು ಕೇಳಿಯೇ ಕೇಳುತ್ತಾರೆ.